ವ್ಯಾಕುಲ ಮಾತೆಯ ಬಾಗಿಲು

ಪೂಜ್ಯ ಅಮೃತನಾಥ ಸ್ವಾಮಿಗಳು ಕ್ರೈಸ್ತರ ವಿಚಾರಣಾ ಗುರುಗಳಾಗಿ ಕೊಪ್ಪಲಿಗೆ ಬಂದಾಗ ಅವರ ಗಂಟಿನಲ್ಲಿದ್ದದ್ದು ಎರಡು ನಿಲುವಂಗಿ, ಪೂಜೆಯ ಪಾತ್ರೆ, ಒಂದು ಜಪಸರ, ಚಪ್ಪಲಿ ಹೊಲಿಯುವ ಒಂದು ದಬ್ಬಳ. ಊರಿನಲ್ಲಿ ಗುರುಮನೆ ಎಂಬುದೊಂದಿತ್ತು. ಸ್ವಾಮಿಗಳು ಅದರಲ್ಲಿ ನೆಟ್ಟಗೆ ಒಂದು ವಾರವೂ ಮಲಗಲಿಲ್ಲ. ದೇವಾಲಯ ಕಟ್ಟುವ ಕೆಲಸ ಶುರುವಾದದ್ದೇ ತಡ, ಮನೆಯ ತುಂಬ ಸುಣ್ಣ ಸುರಿಸಿದರು. ತಾವು ಗೋಡೆಗೆ ಒರಗಿಸಿದ ಗರಿಯ ಮಾಡಿನ ಕೆಳಗೆ ಚಾಪೆ ಹಾಸಿಕೊಂಡರು. ಮಳೆ ಬಂದರೆ ಚಾಪೆ ಆ ಮೂಲೆಯಿಂದ ಈ ಮೂಲೆಗೆ ಬರುತ್ತಿತ್ತು, ಅಷ್ಟೆ. ಇಂಥ ಮಹನೀಯರ ಮುಖದ ಮೇಲೆ ಅದೇ ಊರಿನವನೊಬ್ಬ ಬಾಗಿಲು ಹಾಕಿದ. ಆ ಬಾಗಿಲಿನ ಸಂಗತಿಯನ್ನೇ ಹೇಳಲು ಹೊರಟಿದ್ದೇನೆ. ವ್ಯಾಕುಲ ಮಾತೆ ನನ್ನ ನಾಲಿಗೆಯನ್ನು ಕಾಯಲಿ.

ಇವತ್ತು ಆ ಊರಿಗೆ ಹೋದವರು ಮೊದಲು ನೋಡುವುದು ಗುಡಿಯ ಎತ್ತರದ ಕಮಾನನ್ನು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು. ಕಲ್ಲು ಹತ್ತಿರದ ಗುಡ್ಡದ್ದು. ಗಾರೆಯನ್ನು ಎತ್ತು ಕಟ್ಟಿ ಅರೆದು, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹುಯ್ದು ಹದಮಾಡಿದ್ದು. ಇವತ್ತಿಗೂ ಉಗುರಿಗೆ ಹತ್ತುವುದಿಲ್ಲ. ಒಳಗೆ ಉದ್ದನೆಯ ಒಂದೇ ಅಂಕಣ, ಕೊನೆಯಲ್ಲಿ ನೀಲಿ ಬಳಿದ ಗೂಡು, ಅದರಲ್ಲಿ ಎದೆಗೆ ಕತ್ತಿ ನೆಟ್ಟ ವ್ಯಾಕುಲ ಮಾತೆಯ ಸ್ವರೂಪ. ಎಲ್ಲ ಇದೆ, ಮುಂದಿನ ಬಾಗಿಲೊಂದಿಲ್ಲ. ಹೊಸ್ತಿಲ ಕಲ್ಲಿನ ಎರಡು ತುದಿಗೆ ಎರಡು ಗುಳಿಗಳಿವೆ, ಕದದ ಗೂಟ ಕೂತು ತಿರುಗುತ್ತಿದ್ದ ಗುಳಿಗಳು. ಮಕ್ಕಳು ಅದರಲ್ಲಿ ಗೋಲಿ ಆಡುತ್ತಾರೆ. ಪೂಜೆಯ ಹೊತ್ತಿಗೆ ಒಮ್ಮೊಮ್ಮೆ ಆಡೂ ಒಳಗೆ ಬರುತ್ತದೆ. ಹೊಡೆದು ಓಡಿಸುವವರೂ ಇಲ್ಲ.

ಆ ಸೀಮೆಯ ಕೆಲಸಗಾರರಲ್ಲಿ ಒಂದು ಪದ್ಧತಿ. ಗೋಡೆ ಕಟ್ಟಿ ಆಮೇಲೆ ಬಾಗಿಲು ಕೂಡಿಸುವುದಲ್ಲ. ಮೊದಲು ಬಾಗಿಲು ನಿಲ್ಲಿಸಬೇಕು, ಆಮೇಲೆ ಅದರ ಸುತ್ತ ಗೋಡೆ ಏಳಬೇಕು. ಚೌಕಟ್ಟು ನಿಲ್ಲಿಸುವ ದಿನ ಸ್ವಾಮಿಗಳು ತೀರ್ಥ ಚಿಮುಕಿಸಿದರು, ಹೆಂಗಸರು ಹೊಸ್ತಿಲಿಗೆ ಅರಿಶಿನ ಬಳಿದರು, ಬಡಗಿ ಇನ್ನಾಸಪ್ಪ ಎರಡು ಕದಗಳನ್ನೂ ಗುಳಿಯಲ್ಲಿ ಕೂರಿಸಿದ. ಸುತ್ತ ಬರೀ ಬಯಲು, ನಡುವೆ ಒಂದು ಬಾಗಿಲು! ಇನ್ನಾಸಪ್ಪನ ಮಗಳು ಲೂರ್ದು ಅದರ ಒಂದು ಮಗ್ಗುಲಿಂದ ಓಡಿಹೋಗಿ ಇನ್ನೊಂದು ಮಗ್ಗುಲಿಂದ ಬಂದು, "ಅಪ್ಪಾ, ನಾನು ಬಾಗ್ಲು ತಗೀದೆ ಒಳೀಕ್ ಬಂದೆ!" ಎಂದು ಕುಣಿದಳು. ಸ್ವಾಮಿಗಳು ಅಪರೂಪಕ್ಕೆ ನಗುವವರು, ಅವತ್ತು ನಕ್ಕರು.

ಆ ಮಗುವಿನ ಉಸಿರಿಗಾಗಿಯೇ ಆ ಬಾಗಿಲು ಹುಟ್ಟಿದ್ದು. ಇನ್ನಾಸಪ್ಪನಿಗೂ ಅವನ ಹೆಂಡತಿ ತೆರೇಸಮ್ಮನಿಗೂ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಲೂರ್ದು ಕೂಸಾಗಿದ್ದಾಗ ಜ್ವರದಲ್ಲಿ ನೀಲಿಗಟ್ಟಿದಳು. ಆಗ ಅವನು ಹಳೆಯ ಮಣ್ಣುಗುಡಿಯಲ್ಲಿ ತಾಯಿಯ ಮುಂದೆ ಬಿದ್ದು ಹರಕೆ ಹೊತ್ತ: "ಇದೊಂದನ್ನ ಉಳಿಸಿಕೊಡವ್ವಾ. ನಿನಗೆ ಹೊನ್ನೆ ಮರದ ಬಾಗ್ಲು ಮಾಡ್ಕೊಡ್ತೀನಿ. ನಿನ್ನ ಏಳು ವ್ಯಾಕುಲಾನೂ ಅದರಲ್ಲಿ ಕೆತ್ತುತೀನಿ." ಮಗು ಉಳಿಯಿತು. ಅವನೂ ಮಾತಿಗೆ ತಪ್ಪಲಿಲ್ಲ. ಹಗಲು ಹೊಟ್ಟೆಪಾಡಿನ ಕೆಲಸ, ಸಂಜೆ ತಾಯಿಯ ಕೆಲಸ. ಎಡಗದದಲ್ಲಿ ನಾಲ್ಕು ಹಲಗೆ, ಬಲಗದದಲ್ಲಿ ಮೂರು. ನಿನ್ನ ಎದೆಗೂ ಕತ್ತಿ ನಾಟೀತೆಂದ ಮುದುಕ ಸಿಮೆಯೋನನ ಮಾತು ಕೇಳಿ ಬೆಚ್ಚಿದ ತಾಯಿ, ಕೂಸನ್ನೆತ್ತಿಕೊಂಡು ಐಗುಪ್ತ ದೇಶಕ್ಕೆ ಓಡುತ್ತಿರುವ ತಾಯಿ, ಮಗನನ್ನು ಹುಡುಕುವ ತಾಯಿ, ಹೀಗೆ ಒಂದೊಂದೂ ಹಲಗೆಯಿಂದ ಎದ್ದು ಬಂತು. ಶಿಲುಬೆಯಿಂದಿಳಿಸಿದ ಮಗನನ್ನು ತಾಯಿ ಮಡಿಲಲ್ಲಿ ಹಾಕಿಕೊಂಡದ್ದು ಆರನೆಯದು. ಅದನ್ನು ನೋಡಿ ಅಳದ ಹೆಂಗಸಿರಲಿಲ್ಲ.

ಏಳನೆಯದು ಮಗನನ್ನು ಮಣ್ಣು ಮಾಡುವುದು. ಅದನ್ನು ಮಾತ್ರ ಅವನು ಕೆತ್ತಲಿಲ್ಲ. ಬಲಗದದ ತಳದ ಹಲಗೆಯನ್ನು ಕನ್ನಡಿಯಂತೆ ನುಣ್ಣಗೆ ಹತ್ತರಿ ಹೊಡೆದು ಬೋಳಾಗಿ ಬಿಟ್ಟುಬಿಟ್ಟ. ಕೇಳಿದವರಿಗೆಲ್ಲ "ಮಾಡೋಣ, ಆತುರ ಏನು" ಎನ್ನುತ್ತಿದ್ದ. ಮನಸ್ಸಿನಲ್ಲಿದ್ದದ್ದು ಬೇರೆ. ಮಗಳಿಗಾಗಿ ಹೊತ್ತ ಹರಕೆಯಲ್ಲಿ ಸಮಾಧಿಯನ್ನು ತನ್ನ ಕೈಯಾರೆ ಕೆತ್ತಿದರೆ ಅದು ತನ್ನ ಮನೆಗೇ ಬಂದೀತೆಂದು ಅವನಿಗೆ ಭಯ. ಪಾಪ, ಹೆತ್ತ ಕರುಳು! ಹರಕೆಯಲ್ಲಿ ಒಂದು ಚೂರು ಉಳಿಸಿಕೊಂಡರೆ ಸಾವನ್ನೂ ಆಚೆ ನಿಲ್ಲಿಸಬಹುದೆಂದು ಅವನು ನಂಬಿದ. ಸ್ವಾಮಿಗಳು ಒಮ್ಮೆ ಆ ಬೋಳು ಹಲಗೆಯ ಮೇಲೆ ಕೈಯಾಡಿಸಿ ಅವನ ಮುಖ ನೋಡಿದರು.

ಗುಡಿ ಮುಗಿದು ಅಭಿಷೇಕವಾಯಿತು. ಮರುವರ್ಷ ಸುಗ್ಗಿಯ ಕಾಲಕ್ಕೆ ಪ್ಲೇಗು ಬಂತು.

ಮೊದಲು ಇಲಿ ಬಿದ್ದವು. ಆಮೇಲೆ ಮನುಷ್ಯರು. ಬೆಳಿಗ್ಗೆ ಕಂಕುಳಲ್ಲಿ ಗಡ್ಡೆ ಎದ್ದವನನ್ನು ಎರಡು ದಿನದಲ್ಲಿ ಎತ್ತಬೇಕಾಗುತ್ತಿತ್ತು, ಎತ್ತುವವರೇ ಇಲ್ಲ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಣ್ಣ ತಮ್ಮನ ಗುಡಿಸಲಿಗೆ ಹೋಗುತ್ತಿರಲಿಲ್ಲ. ಊರಿಗೆಲ್ಲ ಸೇರಿ ಒಂದು ಸಾವಿನ ಪೆಟ್ಟಿಗೆಯಿತ್ತು, ಸತ್ತವರನ್ನು ಅದರಲ್ಲಿ ಸಮಾಧಿಯವರೆಗೆ ಒಯ್ದು, ಬಟ್ಟೆಯಲ್ಲಿ ಸುತ್ತಿ ಇಳಿಸಿ, ಪೆಟ್ಟಿಗೆಯನ್ನು ವಾಪಸು ತರುವ ರೂಢಿ. ಹೆದರಿದ ಜನ ಆ ಪೆಟ್ಟಿಗೆಗೂ ಬೆಂಕಿಯಿಟ್ಟರು. ಆಮೇಲೆ ಸ್ವಾಮಿಗಳೇ ಸತ್ತವರನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನ ಮೇಲೆ ಹೊತ್ತರು, ತಾವೇ ಗುಂಡಿ ತೋಡಿದರು.

ಆ ಕ್ರೈಸ್ತರಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಕೂಸಾಗಿದ್ದಾಗ ಜ್ಞಾನಸ್ನಾನಕ್ಕೆ ಯಾವ ದೊಡ್ಡ ಬಾಗಿಲಿನಿಂದ ಒಳಬಂದರೋ, ಸತ್ತ ಮೇಲೂ ಅದೇ ಬಾಗಿಲಿನಿಂದ ಒಳಬಂದು, ಪೀಠದ ಮುಂದೆ ಒಂದು ಗಳಿಗೆ ಮಲಗಿ, ತೀರ್ಥ ಹಾಕಿಸಿಕೊಂಡು ಮಣ್ಣಿಗೆ ಹೋಗಬೇಕು. ಹಾಗಾಗದವರನ್ನು "ಹೊರಗಿಂದ ಹೋದೋರು" ಎನ್ನುತ್ತಿದ್ದರು. ನೇಣು ಹಾಕಿಕೊಂಡವರಿಗೆ ಇರುತ್ತಿದ್ದ ಮಾತು ಅದು. ಸಾಯುವುದಕ್ಕಿಂತ ಆ ಮಾತಿಗೇ ಜನ ಹೆಚ್ಚು ಅಂಜುತ್ತಿದ್ದರು.

ಊರ ಯಜಮಾನ ರಾಯಪ್ಪನವರು ನಾಲ್ಕು ಜನರನ್ನು ಸೇರಿಸಿ, ಪ್ಲೇಗಿನ ಹೆಣ ಗುಡಿಯೊಳಗೆ ಬರಕೂಡದೆಂದು ತೀರ್ಮಾನ ಮಾಡಿದರು. ಬದುಕಿದ್ದವರೂ ಸತ್ತಾರು ಎಂಬುದು ಅವರ ಮಾತು, ಅದರಲ್ಲಿ ಹುರುಳಿಲ್ಲವೆನ್ನಲಾರೆ. ಬಾಗಿಲು ಹಾಕಲು ಮುಂದೆ ಬಂದವನು ಮಾತ್ರ ಇನ್ನಾಸಪ್ಪ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗಳ ಉಸಿರಿಗೆಂದು ಮಾಡಿದ ಬಾಗಿಲಿನಲ್ಲಿ ಸಾವು ದಾಟಿ ಬರುವುದನ್ನು ಅವನು ನೆನೆಯಲೂ ಆರದವನಾಗಿದ್ದ.

ಮೊದಲು ಬಂದದ್ದು ಸಂತಾನಮ್ಮ. ಹಿಂದು ಮುಂದಿಲ್ಲದ ಮುದುಕಿ. ಮಣ್ಣುಗುಡಿಯ ಕಾಲದಿಂದಲೂ ಕಸ ಗುಡಿಸಿಕೊಂಡು ಬಂದವಳು; ಹೊಸ ಗುಡಿಯ ನೆಲದ ಒಂದೊಂದು ಕಲ್ಲೂ ಅವಳಿಗೆ ಗೊತ್ತು. ಸ್ವಾಮಿಗಳು ಅವಳನ್ನು ಬೆನ್ನ ಮೇಲೆ ಹೊತ್ತು ಮಟಮಟ ಮಧ್ಯಾಹ್ನದಲ್ಲಿ ಮೆಟ್ಟಿಲು ಹತ್ತುವಾಗ, ಒಳಗಿನಿಂದ ಅಗಣಿ ಬಿದ್ದ ಸದ್ದು ಕೇಳಿತು. ಗೋಡೆಯ ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಅಡ್ಡ ಬೀಳುವ, ತೊಡೆ ಗಾತ್ರದ ಅಗಣಿ.

"ಇನ್ನಾಸಪ್ಪಾ," ಎಂದರು ಸ್ವಾಮಿಗಳು. "ಸಂತಾನಮ್ಮ ಬಂದಿದ್ದಾಳೆ."

ಅವನು ಅಗಣಿಯ ಹಿಂದಿನಿಂದಲೇ, "ತಪ್ಪಾಯ್ತು ಸ್ವಾಮ್ಯೋರೆ. ಈ ಬಾಗ್ಲು ನನ್ನ ಮಗಳದ್ದು. ಹೆಣ ಬರೋಕೆ ಮಾಡಿದ್ದಲ್ಲ" ಎಂದ.

ಸ್ವಾಮಿಗಳು ಮುದುಕಿಯನ್ನು ಹೊಸ್ತಿಲಿನ ಹೊರಗೆ ಮಲಗಿಸಿ, ಸುಡುವ ಕಲ್ಲಿನ ಮೇಲೆ ಮೊಣಕಾಲೂರಿ, ಸತ್ತವರ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಒಂದು ಸಾಲನ್ನೂ ಬಿಡಲಿಲ್ಲ. ಒಳಗೆ ಇನ್ನಾಸಪ್ಪ ಅಗಣಿಗೆ ಬೆನ್ನು ಕೊಟ್ಟು ಕಿವಿ ಮುಚ್ಚಿಕೊಂಡು ಕೂತಿದ್ದ. ಕಿವಿ ಮುಚ್ಚಿದರೂ ಆ ದನಿ ಹಲಗೆಯ ಮೂಲಕ ಅವನ ಬೆನ್ನಿಗೆ ಬರುತ್ತಿತ್ತು.

ಅವತ್ತು ಸಂಜೆ ಅವನು ಪಕ್ಕದ ಸಣ್ಣ ಬಾಗಿಲಿನಿಂದ ಹೊರಬಂದ. ಅದಕ್ಕೆ ಯಜಮಾನರು ಬೀಗ ಹಾಕಿಸಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂಸಾರ ಸಮೇತ ನಾಲೆಯ ಆಚೆಯ ತೋಟಕ್ಕೆ ಹೋಗಿಬಿಟ್ಟರು. ಗುಡಿ ಕಟ್ಟಿದ ಗುರುಗಳೇ ಗುಡಿಯ ಹೊರಗಾದರು! ಚಾಪೆಯನ್ನು ಮೆಟ್ಟಿಲ ಮೇಲೆ ಹಾಸಿಕೊಂಡರು. ಪೂಜೆಯ ಪಾತ್ರೆ ಗಂಟಿನಲ್ಲೇ ಇತ್ತು. ದಿನವೂ ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಹೊಸ್ತಿಲನ್ನೇ ಪೀಠ ಮಾಡಿಕೊಂಡು ಬಲಿಪೂಜೆ ಅರ್ಪಿಸಿದರು. ಸತ್ತು ಬಂದವರನ್ನೆಲ್ಲ ಆ ಹೊಸ್ತಿಲಿಗೆ ತಲೆ ತಾಗುವಂತೆ ಮಲಗಿಸಿ ಕಳಿಸಿದರು. ಅವರ ಬಾಯಿಂದ ಯಾರ ಮೇಲೂ ಒಂದು ಬಿರುಸು ಮಾತು ಬರಲಿಲ್ಲ. ಬೈದಿದ್ದರೆ ಇನ್ನಾಸಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ಹೆಂಡತಿ ಮಗಳನ್ನು ಊರಿಂದ ದೂರ, ಹುಣಸೆ ಮರದ ಕೆಳಗಿನ ಗುಡಿಸಲಿನಲ್ಲಿ ಇಟ್ಟಿದ್ದ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಲೂರ್ದುಗೆ ಮಾತ್ರ ಬೇಸರ. ಗುಡಿಯ ಕದದ ಅಡಿಯ ಪಟ್ಟಿಯ ಮೇಲೆ ನಿಂತು, ಅದು ತಿರುಗುವಾಗ ಸವಾರಿ ಮಾಡುವುದು ಅವಳ ಆಟವಾಗಿತ್ತು. ಅಪ್ಪ ಗದರಿದರೆ ಇಳಿಯುವುದು, ಅತ್ತ ತಿರುಗಿದರೆ ಮತ್ತೆ ಹತ್ತುವುದು. "ಬಾಗ್ಲು ಯಾವಾಗ ತಗೀತೀಯಪ್ಪಾ? ನಾನು ಆಡಬೇಕು" ಎಂದು ದಿನವೂ ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಕೇಳಲಿಲ್ಲ. ತೆರೇಸಮ್ಮ ಮಗಳ ತೋಳೆತ್ತಿ ನೋಡಿದಳು, ಮೆಲ್ಲಗೆ ಕೆಳಗಿಳಿಸಿದಳು. ಗಂಡನ ಕಡೆ ತಿರುಗಿ ಒಂದೇ ಮಾತು ಕೇಳಿದಳು:

"ಬಾಗ್ಲು ಹಾಕಿದ್ರಲ್ಲಾ... ಇದು ಯಾವ ಬಾಗ್ಲಿಂದ ಬಂತು?"

ಸ್ವಾಮಿಗಳು ಸುದ್ದಿ ತಿಳಿದು ಓಡಿ ಬಂದರು. ಹಣೆಗೆ ಪವಿತ್ರ ಎಣ್ಣೆ ಹಚ್ಚಿ ಕೊನೆಯ ಅಭ್ಯಂಗ ಕೊಟ್ಟರು. ನೆತ್ತಿಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ಅವಳ ಪಕ್ಕದಲ್ಲೇ ಕೂತರು. ಇನ್ನಾಸಪ್ಪ ಅವರ ಮುಖ ನೋಡಲಿಲ್ಲ. ಮಗಳು ಮೂರನೆಯ ದಿನ ಬಿಸಿಲು ಏರುವ ಹೊತ್ತಿಗೆ ಹೋದಳು. ಸ್ವಾಮಿಗಳು ಹಿಂದಿನ ಸಂಜೆಯೇ ಇನ್ನೊಂದು ಗುಡಿಸಲಿನಿಂದ ಕರೆ ಬಂದು ಎದ್ದು ಹೋಗಿದ್ದರು.

ಹೆಣವನ್ನು ತೋಳಲ್ಲಿ ಎತ್ತಿಕೊಂಡು ಇನ್ನಾಸಪ್ಪ ನಡೆದ. ಹಿಂದೆ ತೆರೇಸಮ್ಮ. ದಾರಿಯಲ್ಲಿ ನಾಲೆಯ ದಡದಲ್ಲಿ ನಿಂತು, ಒಳಗೆ ಹೋಗಿ ಅಗಣಿ ತೆಗೆಯಲು ಪಕ್ಕದ ಬಾಗಿಲಿನ ಬೀಗದಕೈಗಾಗಿ ಕೂಗಿದ. ಯಜಮಾನರು ತೋಟದ ಬೇಲಿಯಾಚೆಯಿಂದಲೇ, "ನೀನೇ ಮೊದಲು ಅಗಣಿ ಹಾಕಿದೋನು. ಈಗ ನಿನಗೊಂದು ನ್ಯಾಯ, ಊರಿಗೊಂದು ನ್ಯಾಯವೇನೋ?" ಎಂದರು. ಅವನು ಮಗಳನ್ನು ಎತ್ತಿಕೊಂಡೇ ಗುಡಿಯ ಕಡೆ ತಿರುಗಿದ.

ಸ್ವಾಮಿಗಳು ಮೆಟ್ಟಿಲ ಮೇಲೆ ಕೂತು ಕಿತ್ತುಹೋದ ಚಪ್ಪಲಿಗೆ ದಬ್ಬಳ ಹಾಕುತ್ತಿದ್ದರು. ಇವರನ್ನು ಕಂಡು ಎದ್ದು ನಿಂತರು. ಇನ್ನಾಸಪ್ಪ ಮಗಳನ್ನು ಹೊಸ್ತಿಲ ಮುಂದೆ ಮಲಗಿಸಿದ. ಅವನ ಎದುರಿಗೇ ಆ ಬಾಗಿಲು, ತಾನೇ ಕೆತ್ತಿದ ಆರು ದುಃಖಗಳು, ತಾನೇ ಹಾಕಿದ ಅಗಣಿ. ಮಗಳು ಹೊರಗಿಂದ ಹೋಗುವವಳಾಗಿದ್ದಳು. ಅವನಿಗೆ ಎಲ್ಲಿತ್ತೋ ಸಿಟ್ಟು, ಕದಕ್ಕೆ ತಲೆ ಚಚ್ಚಿಕೊಂಡ.

"ಮಾತು ತಪ್ಪಿದಳು ನಿಮ್ಮ ತಾಯಿ! ನಾನು ಹೇಳಿದ್ದೆಲ್ಲ ಮಾಡಿಕೊಟ್ಟೆ. ಬಾಗ್ಲು ಇಸ್ಕೊಂಡು ಮಗೀನೂ ತಗೊಂಡಳು. ಇಂಥೋಳ್ನ ತಾಯಿ ಅಂತೀರಾ ನೀವು? ಹೇಳಿ ಸ್ವಾಮ್ಯೋರೆ, ನಾನು ಏನು ಕಮ್ಮಿ ಮಾಡಿದೆ?"

ಸ್ವಾಮಿಗಳ ಕಣ್ಣು ತುಂಬಿತ್ತು. ಅವರು ಬಗ್ಗಿ ಆ ಬೋಳು ಹಲಗೆಯನ್ನು ಮುಟ್ಟಿದರು.

"ಏಳನೆಯದನ್ನು ನೀನು ಕೆತ್ತದೆ ಬಿಟ್ಟೆ, ಇನ್ನಾಸಪ್ಪ. ತಾಯಿಗೆ ಅದನ್ನು ಬಿಡಲು ಆಗಲಿಲ್ಲ. ತನ್ನ ಕೂಸನ್ನು ಆಕೆಯೂ ಮಣ್ಣಿಗಿಟ್ಟಳು."

ಅಷ್ಟೇ ಅವರು ಆಡಿದ್ದು. ಇನ್ನಾಸಪ್ಪ ಆ ಹಲಗೆಯನ್ನು ನೋಡಿದ. ಮಗಳ ಮುಖವನ್ನು ನೋಡಿದ. ಎಷ್ಟು ವರ್ಷಗಳಿಂದ ತಾಯಿಯ ಹತ್ತಿರ ಬೇಡುತ್ತ ಬಂದಿದ್ದ! ಅವಳೂ ಒಬ್ಬ ಹೆತ್ತವಳೆಂದು, ಅವಳ ಮಡಿಲೂ ಬರಿದಾಗಿದೆಯೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಆರನೆಯ ಹಲಗೆಯವರೆಗೂ ಉಳಿ ಹಿಡಿದವನು ಅವಳು ಅತ್ತದ್ದನ್ನು ಕಂಡಿರಲಿಲ್ಲ. ಗಂಟಲು ಬಿಚ್ಚಿ ಅತ್ತ. ತೆರೇಸಮ್ಮನೂ ಅತ್ತಳು. ಸ್ವಾಮಿಗಳು ಬಿಸಿಲಿಗೆ ತಮ್ಮ ಮೈಯ ನೆರಳು ಮಗುವಿನ ಮುಖದ ಮೇಲೆ ಬೀಳುವಂತೆ ನಿಂತುಕೊಂಡರು.

ಸ್ವಲ್ಪ ಹೊತ್ತಿಗೆ ಇನ್ನಾಸಪ್ಪ ಎದ್ದ. ಊರೊಳಗೆ ಬಿಟ್ಟುಬಂದಿದ್ದ ತನ್ನ ಮನೆಗೆ ಹೋಗಿ ಗರಗಸ, ಉಳಿ, ಕೊಡತಿ ತಂದ. ಗೋಡೆಯ ಜೊತೆಗೇ ಎದ್ದ ಬಾಗಿಲು, ಬಿಚ್ಚಿ ತೆಗೆಯುವ ಮಾತೇ ಇರಲಿಲ್ಲ. ಕದದ ಮೇಲೆ ಕೆಳಗೆ ಬಿಟ್ಟ ಗೂಟಗಳನ್ನೇ ಕತ್ತರಿಸಬೇಕು. ಕತ್ತರಿಸಿದರೆ ಆ ಕದಗಳು ಇನ್ನೆಂದೂ ಅಲ್ಲಿ ನಿಲ್ಲುವುದಿಲ್ಲ. ಅವನು ಚೌಕಟ್ಟಿನ ಸಂದಿಗೆ ಗರಗಸ ಇಳಿಸಿದ. ಕೆಂಪು ಹೊನ್ನೆಯ ಪುಡಿ ಹೊಸ್ತಿಲ ಮೇಲೆಲ್ಲ ಉದುರಿತು. ತನ್ನ ಬಾಳಿನ ಕೆಲಸವನ್ನು ತಾನೇ ಕೊಯ್ಯುವವನ ಮುಖವನ್ನು ನೋಡಲಾರದೆ ತೆರೇಸಮ್ಮ ಸೆರಗು ಮುಚ್ಚಿಕೊಂಡಳು. ಗೂಟ ತುಂಡಾದ ಮೇಲೆ ಅವನೂ ಸ್ವಾಮಿಗಳೂ ಭುಜ ಕೊಟ್ಟು ನೂಕಿದರು. ಅಗಣಿ ಗೂಡಿನಿಂದ ಕಿತ್ತು ಬಂತು. ಕದಗಳು ಒಳಗೆ ಬಿದ್ದ ಸದ್ದಿಗೆ ಮಾಡಿನ ಪಾರಿವಾಳಗಳೆಲ್ಲ ಎದ್ದವು.

ಬಲಗದವನ್ನು ಹೊರಗೆ ಎಳೆದು ತಂದು, ಮೇಲ್ಮುಖ ಮಾಡಿ ಮಗಳನ್ನು ಅದರ ಮೇಲೆ ಮಲಗಿಸಿದರು. ಹಿಂಬದಿಯಲ್ಲಿ ಅಗಣಿಯ ಕೊಂಡಿಗಳೂ ಮಡಿಸಿ ಬಡಿದ ಮೊಳೆಗಳೂ ಇದ್ದವು, ಹಾಗಾಗಿ ಕೆತ್ತಿದ ಮಗ್ಗುಲೇ ಮೇಲಾಯಿತು. ತಲೆ ಬಂದದ್ದು ಆ ಬೋಳು ಹಲಗೆಯ ಮೇಲೆ. ತಲೆಯ ಕಡೆ ಅಪ್ಪ, ಕಾಲ ಕಡೆ ಗುರುಗಳು ಹಿಡಿದರು. ಲೂರ್ದು ತನ್ನ ಬಾಗಿಲ ಮೇಲೆ ಸವಾರಿ ಮಾಡುತ್ತ ಗುಡಿಯ ಒಳಗೆ ಹೋದಳು. ಪೀಠದ ಮುಂದೆ ಒಂದು ಗಳಿಗೆ ಮಲಗಿ, ತೀರ್ಥ ಹಾಕಿಸಿಕೊಂಡು, ಸಂತಾನಮ್ಮನ ಪಕ್ಕದ ಮಣ್ಣಿಗೆ ಹೋದಳು.

ಮಣ್ಣು ಮುಚ್ಚಿ ಬಂದ ಮೇಲೆ ಇನ್ನಾಸಪ್ಪ ಉಳಿ ತೆಗೆದುಕೊಂಡು ಆ ಹಲಗೆಯ ಮುಂದೆ ಕೂತ. "ಈಗ ಕೆತ್ತಿಬಿಡ್ತೀನಿ ಸ್ವಾಮ್ಯೋರೆ. ಹರಕೆ ಬಾಕಿ ಬೇಡ" ಎಂದ.

ಸ್ವಾಮಿಗಳು ಅವನ ಕೈಯ ಮೇಲೆ ಕೈಯಿಟ್ಟರು. "ಬೇಡ. ಅದು ನುಣುಪಾಗಿಯೇ ಇರಲಿ. ಇನ್ನೂ ತುಂಬ ಜನ ಅದರ ಮೇಲೆ ತಲೆಯಿಡಬೇಕು."

ಆ ಮಾತಿನಂತೆಯೇ ಆಯಿತು. ಹೆಣ ಹೊರುವವರು ಅವತ್ತಿನವರೆಗೆ ಒಬ್ಬರಿದ್ದರು, ಮಾರನೆಯ ಬೆಳಿಗ್ಗೆಯಿಂದ ಇಬ್ಬರಾದರು. ಬಲಗದವೇ ಊರಿನ ಚಟ್ಟವಾಯಿತು. ಎಡಗದವನ್ನು ಇನ್ನಾಸಪ್ಪ ಸೀಳಿ, ಹೆಸರಿಲ್ಲದೆ ಮಲಗಿದ್ದವರಿಗೆಲ್ಲ ಶಿಲುಬೆ ಮಾಡಿ ನೆಟ್ಟ. ಯಾವ ಗುಡಿಸಲಿಗೆ ಅಣ್ಣ ತಮ್ಮಂದಿರೂ ಹೋಗುತ್ತಿರಲಿಲ್ಲವೋ ಅಲ್ಲಿಗೆ ಇವನು ಹೋದ, ನೀರು ಕುಡಿಸಿದ, ಕಣ್ಣು ಮುಚ್ಚಿದ. ಹೊಸ್ತಿಲ ಹೊರಗಿಂದಲೇ ಹೋಗಿದ್ದವರ ಮನೆಯವರ ಕಾಲಿಗೆ ಬಿದ್ದ. ಕೆಲವರು ಎತ್ತಿಕೊಂಡರು, ಕೆಲವರು ಉಗಿದರು. ಉಗಿಸಿಕೊಂಡು ಬಂದ.

ಸುಗ್ಗಿ ಕಳೆದು ಬಿಸಿಲು ಬಲಿತು ರೋಗ ಇಳಿಮುಖವಾಗುವ ಹೊತ್ತಿಗೆ ಸ್ವಾಮಿಗಳ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ತೆರೇಸಮ್ಮ ಕೊನೆಯವರೆಗೂ ತಾಯಿಯಂತೆ ನೋಡಿಕೊಂಡಳು. ಪ್ರಾಣ ಹೋಗುವಾಗ ಮೆಟ್ಟಿಲ ಮೇಲಿನ ಅದೇ ಚಾಪೆಯಲ್ಲಿದ್ದರು, ಮುಖ ತೆರೆದ ಕಮಾನಿನ ಕಡೆಗಿತ್ತು. ಬಲಗದದ ಮೇಲೆ, ಲೂರ್ದು ತಲೆಯಿಟ್ಟಿದ್ದಲ್ಲೇ ತಲೆಯಿಟ್ಟು ಅವರೂ ಒಳಗೆ ಹೋದರು. ನಾಲೆಯಾಚೆಯಿಂದ ಬಂದ ಯಜಮಾನ ರಾಯಪ್ಪನವರು ಅವತ್ತು ಹೆಗಲು ಕೊಡಲು ಕೇಳಿಕೊಂಡರು. ಇನ್ನಾಸಪ್ಪ ತನ್ನ ಜಾಗ ಬಿಟ್ಟುಕೊಟ್ಟ.

ವರ್ಷಗಳು ಹೋದವು. ಹೊಸದಾಗಿ ಬಂದ ಎಳೆಯ ಗುರುಗಳೊಬ್ಬರಿಗೆ ಬಾಗಿಲಿಲ್ಲದ ಗುಡಿ ಕಂಡು ಮನಸ್ಸು ಕಸಿವಿಸಿಯಾಯಿತು. ತೇಗದ ಮರ ತರಿಸುವ ಏರ್ಪಾಡು ಮಾಡಿ, ಮೆಟ್ಟಿಲ ಮೇಲೆ ಕೂತಿದ್ದ ಮುದುಕ ಇನ್ನಾಸಪ್ಪನನ್ನು ಮಾತಾಡಿಸಿದರು.

"ಅಜ್ಜಾ, ತಾವು ಆ ಕಾಲದ ಬಡಗಿಯಂತೆ. ಇಂಥ ಗುಡಿಗೆ ಒಂದು ಬಾಗಿಲು ಬೇಡವೇ?"

ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ಕೇರಿಯ ಕಡೆ ನೋಡಿದ. ಅಲ್ಲಿಂದ ಸಣ್ಣಗೆ ಗಂಟೆಯ ಸದ್ದು ಬರುತ್ತಿತ್ತು. ಯಾರನ್ನೋ ಚಟ್ಟದ ಮೇಲೆ ಹೊತ್ತುಕೊಂಡು ಜನ ಜಪ ಹೇಳುತ್ತ ಬರುತ್ತಿದ್ದರು.

"ಬಾಗ್ಲು ಅದೆ ಸ್ವಾಮ್ಯೋರೆ," ಎಂದ. "ಅಗೋ, ಬತ್ತಾ ಅದೆ."

ಎಂದವನೇ ಕೋಲೂರಿ ಎದ್ದು, ಹೆಗಲು ಕೊಡಲು ಮೆಟ್ಟಿಲಿಳಿದು ಹೋದ.